ಕೋ-ಪೇ ಮನ್ನಾ ಮಾಡಿದ ನಗರಾಡಳಿತ: ಆಶ್‌ವಿಲ್ ಪ್ರಾಜೆಕ್ಟ್ ಕುರಿತ ಪ್ರಕರಣ ಅಧ್ಯಯನ

ಉದ್ಯೋಗಿಗಳ ಔಷಧ ವೆಚ್ಚವನ್ನು ತಗ್ಗಿಸುವ ಪ್ರಶ್ನೆ ಅಮೆರಿಕದ ಯಾವುದೇ ಸಂಸ್ಥೆಯ ಮುಂದೆ ಬಂದಾಗ ಚರ್ಚೆ ಬಹುಮಟ್ಟಿಗೆ ಎರಡು ವಿಷಯಗಳ ಸುತ್ತಲೇ ನಡೆಯುತ್ತದೆ: ಔಷಧವನ್ನು ಇನ್ನಷ್ಟು ಕಡಿಮೆ ದರಕ್ಕೆ ಎಲ್ಲಿ ಕೊಳ್ಳಬಹುದು, ಮತ್ತು ಬೆಲೆಯ ಎಷ್ಟು ಪಾಲನ್ನು ಉದ್ಯೋಗಿಯಿಂದಲೇ ಕಟ್ಟಿಸಿಕೊಳ್ಳಬಹುದು. ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಬ್ಲೂ ರಿಜ್ ಪರ್ವತ ಸಾಲಿನ ನಡುವೆ ಇರುವ ಆಶ್‌ವಿಲ್ ನಗರದ ಆಡಳಿತವು 1996ರಲ್ಲಿ ಬೇರೆಯೇ ಒಂದು ಹಾದಿ ಹಿಡಿಯಿತು. ಮಧುಮೇಹವಿರುವ ತನ್ನ ನೌಕರರು ಆ ಕಾಯಿಲೆಯ ಔಷಧಕ್ಕೆಂದು ಅಂಗಡಿಯಲ್ಲಿ ತಮ್ಮ ಪಾಲಾಗಿ ಕಟ್ಟಬೇಕಾಗಿದ್ದ ಕೋ-ಪೇ ಹಣವನ್ನು ಅದು ಮನ್ನಾ ಮಾಡಿತು. ಅದಕ್ಕೆ ಪ್ರತಿಯಾಗಿ ನೌಕರರು ಒಪ್ಪಿಕೊಳ್ಳಬೇಕಾಗಿದ್ದು ತರಬೇತಿ ಪಡೆದ ಒಬ್ಬ ಫಾರ್ಮಸಿಸ್ಟ್‌ ಅವರನ್ನು ನಿಯಮಿತವಾಗಿ ಭೇಟಿಯಾಗುವ ಕಟ್ಟುಪಾಡನ್ನು. ‘ಆಶ್‌ವಿಲ್ ಪ್ರಾಜೆಕ್ಟ್’ ಎಂದು ಹೆಸರಾದ ಈ ಕಾರ್ಯಕ್ರಮ ಉದ್ಯೋಗಿಯ ಜೇಬಿನ ಭಾರವನ್ನು ಇಳಿಸಿತು, ಆಡಳಿತದ ಔಷಧ ಬಿಲ್ಲನ್ನು ಏರಿಸಿತು, ಹಾಗಿದ್ದೂ ಒಟ್ಟು ವೈದ್ಯಕೀಯ ಖರ್ಚು ಇಳಿದದ್ದನ್ನು ದಾಖಲಿಸಿತು. ಔಷಧದ ಬಿಲ್ಲೊಂದನ್ನೇ ಎದುರಿಗಿಟ್ಟುಕೊಂಡು ಉಳಿತಾಯ ಹುಡುಕುವ ಉದ್ಯೋಗದಾತರು ತಪ್ಪು ಲೆಕ್ಕದ ಪುಟವನ್ನು ನೋಡುತ್ತಿದ್ದಾರೆ ಎಂಬುದು ಈ ಪ್ರಕರಣವನ್ನು ಓದಿದ ಮೇಲೆ ನನಗೆ ಖಚಿತವಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರಿಗೆ ಆರೋಗ್ಯ ವಿಮೆ ದೊರೆಯುವುದು ಕೆಲಸದ ಮೂಲಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದಾಗ ಕೆಲಸಗಾರರನ್ನು ಸೆಳೆಯಲು ಕಂಪನಿಗಳು ವಿಮೆಯಂಥ ಸೌಲಭ್ಯಗಳನ್ನು ನೀಡತೊಡಗಿದ್ದು ಈ ವ್ಯವಸ್ಥೆ ಬೇರೂರಲು ಒಂದು ಮುಖ್ಯ ಕಾರಣ. ಇಂದು ದೊಡ್ಡ ಸಂಸ್ಥೆಗಳಲ್ಲಿ ಹೆಚ್ಚಿನವು ಸ್ವಂತ ನಿಧಿಯಿಂದಲೇ ವಿಮೆ ನಡೆಸುತ್ತವೆ; ವಿಮಾ ಕಂಪನಿ ಕ್ಲೇಮ್‌ಗಳ ಕಾಗದಪತ್ರ ನೋಡಿಕೊಳ್ಳುತ್ತದೆಯೇ ಹೊರತು ಆಸ್ಪತ್ರೆಗೆ ಹೋಗುವ ಹಣ ಉದ್ಯೋಗದಾತರದ್ದೇ. ಆಶ್‌ವಿಲ್ ನಗರಾಡಳಿತವೂ ಇದೇ ಬಗೆಯ ಉದ್ಯೋಗದಾತ. ನೌಕರರೊಬ್ಬರು ರಾತ್ರೋರಾತ್ರಿ ತುರ್ತು ಚಿಕಿತ್ಸಾ ಘಟಕ ಸೇರಿದರೆ ಅದರ ಬಿಲ್ಲು ನೇರವಾಗಿ ನಗರದ ಖಜಾನೆಗೆ ಬರುತ್ತಿತ್ತು.

ಇಂಥ ಉದ್ಯೋಗದಾತರ ಬಳಿ ಸಾಮಾನ್ಯವಾಗಿ ಎರಡು ಪ್ರತ್ಯೇಕ ಲೆಕ್ಕಗಳಿರುತ್ತವೆ. ಆಸ್ಪತ್ರೆ ಮತ್ತು ವೈದ್ಯರ ಖರ್ಚು ಒಂದರಲ್ಲಿ ಬರುತ್ತದೆ. ಔಷಧದ ಖರ್ಚು ಇನ್ನೊಂದರಲ್ಲಿ, ಅದೂ ಬಹುಪಾಲು ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂದು ಕರೆಯಲಾಗುವ ಮಧ್ಯವರ್ತಿ ಕಂಪನಿಯ ಕೈಯಲ್ಲಿ. ಔಷಧದ ಲೆಕ್ಕ ನೋಡಿಕೊಳ್ಳುವವರನ್ನು ಅಳೆಯುವುದು ಔಷಧದ ಲೆಕ್ಕದಿಂದಲೇ ಆದ್ದರಿಂದ ಲೆಕ್ಕದ ಆ ಸಾಲಿನ ಮೊತ್ತವನ್ನು ಇಳಿಸುವುದೇ ಅವರ ಗುರಿಯಾಗುತ್ತದೆ. ಕೋ-ಪೇ ಏರಿಸಿದರೆ ಆ ಸಾಲು ಎರಡು ರೀತಿಯಲ್ಲಿ ಇಳಿಯುತ್ತದೆ: ಉದ್ಯೋಗಿಯ ಪಾಲು ಹೆಚ್ಚುತ್ತದೆ, ಜೊತೆಗೆ ಕೆಲವರು ಔಷಧ ಕೊಳ್ಳುವುದನ್ನೇ ಬಿಡುತ್ತಾರೆ. ಎರಡನೆಯದು ಕಾಗದದ ಮೇಲೆ ಉಳಿತಾಯವೆಂದೇ ಕಾಣುತ್ತದೆ. ಮಾತ್ರೆ ಬಿಟ್ಟವರ ಮೂತ್ರಪಿಂಡ ಕೆಲವು ವರ್ಷಗಳ ನಂತರ ಕೈಕೊಟ್ಟಾಗ ಅದರ ಖರ್ಚು ಬೇರೆ ಪುಸ್ತಕದಲ್ಲಿ ದಾಖಲಾಗುತ್ತದೆ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದುವ ಹೊಣೆ ಯಾರ ಮೇಲೂ ಇರುವುದಿಲ್ಲ.

ಬೆಲೆಯ ಹೊರೆ ಬಿದ್ದಾಗ ಜನ ಯಾವುದನ್ನು ಬಿಡುತ್ತಾರೆ ಎಂಬುದಕ್ಕೆ 1970ರ ದಶಕದಿಂದ 1982ರವರೆಗೆ ಅಮೆರಿಕದ ಸಂಶೋಧನಾ ಕೇಂದ್ರವಾದ ರ‍್ಯಾಂಡ್ ಸಂಸ್ಥೆ ನಡೆಸಿದ ಆರೋಗ್ಯ ವಿಮೆಯ ದೊಡ್ಡ ಪ್ರಯೋಗ ಉತ್ತರ ಕೊಟ್ಟಿತ್ತು. ತಮ್ಮ ಪಾಲಿನ ಹಣ ಹೆಚ್ಚಾದಾಗ ಜನ ಚಿಕಿತ್ಸೆಯನ್ನು ಕಡಿಮೆ ಮಾಡಿದರು ನಿಜ. ಆದರೆ ಅಗತ್ಯವಾದ ಚಿಕಿತ್ಸೆ ಮತ್ತು ಅಷ್ಟೇನೂ ಅಗತ್ಯವಲ್ಲದ ಚಿಕಿತ್ಸೆ ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿದವು. ಬಡವರಲ್ಲಿ ರಕ್ತದೊತ್ತಡ ಇದ್ದವರಿಗೆ ಉಚಿತ ಚಿಕಿತ್ಸೆಯಿಂದ ಸ್ಪಷ್ಟವಾದ ಲಾಭವಿತ್ತು. ಮಧುಮೇಹದ ವಿಷಯದಲ್ಲಿ 1993ರಲ್ಲಿ ಇನ್ನೊಂದು ಮುಖ್ಯ ಫಲಿತಾಂಶ ಪ್ರಕಟವಾಯಿತು. ಟೈಪ್ 1 ಮಧುಮೇಹವಿದ್ದ 1,441 ಜನರ ಮೇಲೆ ನಡೆದ ಆ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣಿನ ಅಕ್ಷಿಪಟಲ ಹೊಸದಾಗಿ ಹಾಳಾಗುವ ಅಪಾಯ ಶೇಕಡ 76ರಷ್ಟು ತಗ್ಗುತ್ತದೆ ಎಂದು ಕಂಡುಬಂತು. ಹಾಗಾಗಿ 1996ರ ಹೊತ್ತಿಗೆ ಪ್ರಶ್ನೆ ವೈದ್ಯಶಾಸ್ತ್ರದ್ದಾಗಿ ಉಳಿದಿರಲಿಲ್ಲ. ಪರಿಣಾಮಕಾರಿ ಔಷಧ ಅಂಗಡಿಯ ಕಪಾಟಿನಲ್ಲಿ ಇತ್ತು. ಅದು ದಿನವೂ ರೋಗಿಯ ದೇಹ ಸೇರುವಂತೆ ಮಾಡುವುದು ಹೇಗೆ ಎಂಬುದಷ್ಟೇ ಬಾಕಿ ಇತ್ತು.

ಯೋಜನೆಯ ಸ್ವರೂಪ

ಸೇರುವುದು ನೌಕರರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಸೇರಿದವರು ಮೊದಲು ಮಧುಮೇಹದ ಬಗ್ಗೆ ಶಿಕ್ಷಣ ಪಡೆಯಬೇಕಿತ್ತು. ನಂತರ ಅವರನ್ನು ಊರಿನ ಔಷಧ ಅಂಗಡಿಗಳಲ್ಲಿ ಕೆಲಸ ಮಾಡುವ, ಈ ಕಾರ್ಯಕ್ರಮಕ್ಕೆಂದೇ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟ್‌ರೊಬ್ಬರಿಗೆ ಒಪ್ಪಿಸಲಾಗುತ್ತಿತ್ತು. ಮುಂದೆ ಪ್ರಕಟವಾದ ಅಧ್ಯಯನದಲ್ಲಿ ಇಂಥ 12 ಅಂಗಡಿಗಳ ಉಲ್ಲೇಖವಿದೆ. ಮಧುಮೇಹದ ಔಷಧಗಳಿಗೂ ಅದಕ್ಕೆ ಬೇಕಾದ ಸಾಮಗ್ರಿಗಳಿಗೂ ಕೋ-ಪೇ ಇರಲಿಲ್ಲ. ಟೆಸ್ಟ್ ಸ್ಟ್ರಿಪ್‌ಗಳಂಥ ಸಾಮಗ್ರಿಗಳನ್ನು ಸೇರಿಸಿದ್ದು ಸಣ್ಣ ಸಂಗತಿಯಲ್ಲ. ಮಾತ್ರೆಯನ್ನು ಅಗ್ಗ ಮಾಡಿ, ದಿನಕ್ಕೆ ಹಲವು ಬಾರಿ ಸಕ್ಕರೆ ನೋಡಿಕೊಳ್ಳಲು ಬೇಕಾದ ಪಟ್ಟಿಗಳ ಖರ್ಚನ್ನು ಹಾಗೆಯೇ ಬಿಟ್ಟರೆ ರೋಗಿ ಪಟ್ಟಿಗಳನ್ನು ಲೆಕ್ಕ ಹಾಕಿ ಬಳಸುತ್ತಾರೆ, ಆಗ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಯೋಜನೆಯಲ್ಲಿ ಅತ್ಯಂತ ಹೊಸದೆಂದು ನಾನು ಭಾವಿಸುವುದು ಫಾರ್ಮಸಿಸ್ಟ್‌ಗೆ ಹಣ ಕೊಟ್ಟ ಬಗೆಯನ್ನು. ಔಷಧ ಅಂಗಡಿಗೆ ಆದಾಯ ಬರುವುದು ಡಬ್ಬಿ ಮಾರಿದಾಗ. ಗಿರಾಕಿಯೊಂದಿಗೆ ಅರ್ಧ ಗಂಟೆ ಕುಳಿತು ಮಾತನಾಡಿದರೆ ಆ ಅರ್ಧ ಗಂಟೆ ಅಂಗಡಿಗೆ ನಷ್ಟವೇ. ಆಶ್‌ವಿಲ್‌ನಲ್ಲಿ ಉದ್ಯೋಗದಾತರು ಆ ಸಮಾಲೋಚನೆಗೇ ಶುಲ್ಕ ಕಟ್ಟಿದರು. ಹೀಗೆ ಔಷಧದ ಬಗ್ಗೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದೂ ಕೌಂಟರಿನ ಹಿಂದೆ ಮಾತ್ರೆ ಎಣಿಸುತ್ತ ನಿಂತಿರಬೇಕಾಗಿದ್ದ ವ್ಯಕ್ತಿಗೆ ರೋಗಿಯ ಎದುರು ಕೂರುವ ಬಿಡುವು ಸಿಕ್ಕಿತು.

ಭೇಟಿಯ ಸಮಯ ಮಾತಿನಲ್ಲೇ ಕಳೆದುಹೋಗುತ್ತಿರಲಿಲ್ಲ. ರೋಗಿ ಮನೆಯಲ್ಲಿ ನೋಡಿಕೊಂಡ ಸಕ್ಕರೆಯ ಅಂಕಿಗಳನ್ನು ಫಾರ್ಮಸಿಸ್ಟ್ ಪರಿಶೀಲಿಸುತ್ತಿದ್ದರು. ಪಾದಗಳನ್ನು ಪರೀಕ್ಷಿಸುತ್ತಿದ್ದರು, ಏಕೆಂದರೆ ಮಧುಮೇಹದಲ್ಲಿ ನರಗಳ ಸಂವೇದನೆ ಕುಂದಿದಾಗ ಬೆರಳ ಸಂದಿಯ ಗಾಯ ನೋಯುವುದಿಲ್ಲ, ನೋಯದ ಗಾಯವನ್ನು ಯಾರೂ ಬಗ್ಗಿ ನೋಡುವುದಿಲ್ಲ, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬರುವುದು ಅಂಥ ಗಾಯದಿಂದಲೇ. ರಕ್ತದೊತ್ತಡ, ತೂಕ ನೋಡುತ್ತಿದ್ದರು, ಮುಂದಿನ ಭೇಟಿಯೊಳಗೆ ಮುಟ್ಟಬೇಕಾದ ಗುರಿಯನ್ನು ರೋಗಿಯೊಂದಿಗೆ ಕೂಡಿಯೇ ಗೊತ್ತುಮಾಡುತ್ತಿದ್ದರು. ಔಷಧದಲ್ಲಿ ಬದಲಾವಣೆ ಬೇಕೆನಿಸಿದರೆ ವೈದ್ಯರಿಗೆ ತಿಳಿಸುತ್ತಿದ್ದರು. ಮುಂಜಾನೆಯ ಅಂಕಿಗಳು ಮಾತ್ರ ಸತತವಾಗಿ ಏರಿರುವುದು, ರಾತ್ರಿಯ ಮಾತ್ರೆಯನ್ನು ರೋಗಿ ಊಟಕ್ಕೆ ಮೊದಲೋ ನಂತರವೋ ಎಂದು ತಿಳಿಯದೆ ತೆಗೆದುಕೊಳ್ಳುತ್ತಿರುವುದು, ಹೊಟ್ಟೆ ಕೆಡುತ್ತದೆಂದು ಒಂದು ಔಷಧವನ್ನು ಯಾರಿಗೂ ಹೇಳದೆ ಬಿಟ್ಟಿರುವುದು, ಇವೆಲ್ಲ ವೈದ್ಯರ ಕೊಠಡಿಯ ಅವಸರದಲ್ಲಿ ಹೊರಬರುವ ಸಂಗತಿಗಳಲ್ಲ. ಹಣದ ಅಡ್ಡಿ ತೊಲಗಿದ ಮೇಲೂ ಉಳಿಯುವ ಅಡ್ಡಿಗಳು ಇಂಥವೇ.

ಫಲಿತಾಂಶ

ಮಿಷನ್ ಸೇಂಟ್ ಜೋಸೆಫ್ಸ್ ಎಂಬ ಸ್ಥಳೀಯ ಆಸ್ಪತ್ರೆ ಸಂಸ್ಥೆಯೂ ತನ್ನ ನೌಕರರಿಗಾಗಿ ಈ ಕಾರ್ಯಕ್ರಮವನ್ನು ಕೈಗೊಂಡಿತು. ಹಲವು ವರ್ಷಗಳ ಫಲಿತಾಂಶ 2003ರಲ್ಲಿ ಅಮೆರಿಕದ ಫಾರ್ಮಸಿಸ್ಟ್‌ಗಳ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣ ಪ್ರತಿ ಪರಿಶೀಲನೆಯಲ್ಲೂ ಆರಂಭಕ್ಕಿಂತ ಕಡಿಮೆ ಇತ್ತು; ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಸುಧಾರಣೆ ಕಂಡುಬಂತು. ಶೇಕಡ 7ಕ್ಕಿಂತ ಕೆಳಗಿನ ಉತ್ತಮ ಮಟ್ಟದಲ್ಲಿದ್ದವರ ಸಂಖ್ಯೆಯೂ ಏರಿತು.

ಖರ್ಚಿನ ಅಂಕಿಗಳನ್ನು ಇಲ್ಲಿ ನಿಧಾನವಾಗಿ ಓದಬೇಕು. ಔಷಧದ ಖರ್ಚು ಪ್ರತಿ ಪರಿಶೀಲನೆಯಲ್ಲೂ ಗಣನೀಯವಾಗಿ ಏರಿತ್ತು. ಬೇರೊಂದು ಸಂಸ್ಥೆಯ ಹಣಕಾಸು ವಿಭಾಗ ಈ ಒಂದು ಸಾಲನ್ನು ನೋಡಿದ್ದರೆ ಮೊದಲ ವರ್ಷವೇ ಕಾರ್ಯಕ್ರಮವನ್ನು ನಿಲ್ಲಿಸಿಬಿಡುತ್ತಿತ್ತೇನೋ. ಆದರೆ ಅದೇ ಅವಧಿಯಲ್ಲಿ ಆಸ್ಪತ್ರೆವಾಸದ ಮತ್ತು ವೈದ್ಯರ ಸೇವೆಗಳ ಖರ್ಚು ಅದಕ್ಕಿಂತ ಹೆಚ್ಚು ಇಳಿದಿದ್ದರಿಂದ, ರೋಗಿಯೊಬ್ಬರ ಒಟ್ಟು ನೇರ ವೈದ್ಯಕೀಯ ವೆಚ್ಚ ಆರಂಭದ ವರ್ಷಕ್ಕೆ ಹೋಲಿಸಿದರೆ ವರ್ಷಕ್ಕೆ ಸರಾಸರಿ 1,200ರಿಂದ 1,872 ಡಾಲರ್‌ನಷ್ಟು ತಗ್ಗಿತು. ಅನಾರೋಗ್ಯದ ರಜೆಯ ಲೆಕ್ಕ ದೊರೆತ ಒಂದು ಉದ್ಯೋಗದಾತ ಸಂಸ್ಥೆಯಲ್ಲಿ 1997ರಿಂದ 2001ರವರೆಗೆ ಆ ರಜೆಗಳು ವರ್ಷವರ್ಷವೂ ಕಡಿಮೆಯಾದವು. ಅದರಿಂದಾದ ಉತ್ಪಾದಕತೆಯ ಲಾಭವನ್ನು ವರ್ಷಕ್ಕೆ 18,000 ಡಾಲರ್ ಎಂದು ಅಂದಾಜಿಸಲಾಯಿತು.

ಕಾರ್ಯಕ್ರಮ ಮುಂದೆ ಇತರ ಕಾಯಿಲೆಗಳಿಗೂ ವಿಸ್ತರಿಸಿತು. 2006ರಲ್ಲಿ ಪ್ರಕಟವಾದ ಅಸ್ತಮಾ ಅಧ್ಯಯನದಲ್ಲಿ 207 ವಯಸ್ಕ ರೋಗಿಗಳಿದ್ದರು. ತುರ್ತು ಚಿಕಿತ್ಸೆಗೆ ಹೋಗಬೇಕಾದವರ ಪ್ರಮಾಣ ಶೇಕಡ 9.9ರಿಂದ 1.3ಕ್ಕೆ ಇಳಿಯಿತು, ಕೆಲಸ ತಪ್ಪಿದ ಅಥವಾ ಕೆಲಸಕ್ಕೆ ಬಂದೂ ಏನೂ ಮಾಡಲಾಗದ ದಿನಗಳು ವರ್ಷಕ್ಕೆ 10.8ರಿಂದ 2.6ಕ್ಕೆ ಇಳಿದವು. ಉಬ್ಬಸದಿಂದ ರಾತ್ರಿಯಿಡೀ ನಿದ್ದೆಗೆಟ್ಟು ಮರುದಿನ ಕೆಲಸಕ್ಕೆ ಹೋಗುವುದು ಎಂದರೇನೆಂದು ಬಲ್ಲವರಿಗೆ ಈ ಕೊನೆಯ ಅಂಕಿಯ ಬೆಲೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಅಧಿಕ ರಕ್ತದೊತ್ತಡ ಮತ್ತು ಕೊಲೆಸ್ಟೆರಾಲ್ ತೊಂದರೆ ಇದ್ದವರ ಕುರಿತ 2008ರ ಅಧ್ಯಯನದಲ್ಲೂ ಇದೇ ಮಾದರಿ ಮರುಕಳಿಸಿತು: ಔಷಧ ಬಳಕೆ ಸುಮಾರು ಮೂರು ಪಟ್ಟಾಯಿತು, ಹೃದಯ ಸಂಬಂಧಿ ವೈದ್ಯಕೀಯ ಖರ್ಚು ಶೇಕಡ 46.5ರಷ್ಟು ತಗ್ಗಿತು.

ಸಾಕ್ಷ್ಯದ ಮಿತಿ

ಈ ಅಂಕಿಗಳನ್ನು ಮೆಚ್ಚುತ್ತಲೇ ಅವುಗಳ ದೌರ್ಬಲ್ಯವನ್ನೂ ಹೇಳಬೇಕು. ಆಶ್‌ವಿಲ್‌ನ ಅಧ್ಯಯನಗಳಲ್ಲಿ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಹೋಲಿಕೆಯ ಗುಂಪು ಇರಲಿಲ್ಲ. ಬಂದವರು ತಾವಾಗಿಯೇ ಬಂದವರು. ಬದಲಾಗುವ ಮನಸ್ಸು ಅವರಲ್ಲಿ ಮೊದಲೇ ಇದ್ದಿರಬಹುದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಆರಂಭದಲ್ಲಿ ಯಾರ ಖರ್ಚು ಹೆಚ್ಚಿತ್ತೋ ಅವರ ಖರ್ಚೇ ಹೆಚ್ಚಾಗಿ ಇಳಿಯಿತು ಎಂದು 2003ರ ವರದಿಯೇ ಹೇಳುತ್ತದೆ. ಒಂದು ಕೆಟ್ಟ ವರ್ಷದಲ್ಲಿ ಆಸ್ಪತ್ರೆ ಸೇರಿದವರ ಖರ್ಚು ಮರುವರ್ಷ ಯಾವ ಕಾರ್ಯಕ್ರಮವೂ ಇಲ್ಲದೆ ತಾನಾಗಿಯೇ ಸರಾಸರಿಯ ಕಡೆಗೆ ಇಳಿಯುವುದು ಸಹಜ. ಇಳಿಕೆಯಲ್ಲಿ ಎಷ್ಟು ಪಾಲು ಫಾರ್ಮಸಿಸ್ಟ್‌ರದ್ದು, ಎಷ್ಟು ಪಾಲು ಇಂಥ ಸಹಜ ಇಳಿಕೆಯದ್ದು ಎಂದು ಬೇರ್ಪಡಿಸಲು ಹೋಲಿಕೆಯ ಗುಂಪಿಲ್ಲದೆ ಸಾಧ್ಯವಿಲ್ಲ.

ಆ ಕೊರತೆಯನ್ನು ಭಾಗಶಃ ತುಂಬುವ ಒಂದು ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಿಡುಗಡೆಯಾದ 5,855 ವಿಮಾದಾರರನ್ನು, ಅವರ ಉದ್ಯೋಗದಾತ ಅಥವಾ ವಿಮಾ ಯೋಜನೆಯ ಆಧಾರದ ಮೇಲೆ, ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೃದಯದ ಔಷಧಗಳನ್ನು ಕೋ-ಪೇ ಇಲ್ಲದೆ ಕೊಡಲಾಯಿತು. ಫಾರ್ಮಸಿಸ್ಟ್ ಭೇಟಿ ಇತ್ಯಾದಿ ಯಾವುದೂ ಇದರಲ್ಲಿ ಇರಲಿಲ್ಲ. ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವ ಪ್ರಮಾಣ ಶೇಕಡ 4ರಿಂದ 6 ಅಂಶದಷ್ಟು ಮಾತ್ರ ಏರಿತು. ಪ್ರಯೋಗದ ಮುಖ್ಯ ಅಳತೆಗೋಲಿನಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತನಾಳ ಸಂಬಂಧಿ ದೊಡ್ಡ ತೊಂದರೆಗಳ ಒಟ್ಟು ಸಂಖ್ಯೆ ತಗ್ಗಿತು, ರೋಗಿಗಳು ಕೈಯಿಂದ ಕೊಟ್ಟ ಹಣ ಸುಮಾರು ಕಾಲುಭಾಗ ಕಡಿಮೆಯಾಯಿತು, ಮತ್ತು ವಿಮೆಯ ಒಟ್ಟು ಖರ್ಚು ಹೆಚ್ಚಲಿಲ್ಲ. ಅಮೆರಿಕದ ಪಿಟ್ನಿ ಬೋವ್ಸ್ ಕಂಪನಿ ತನ್ನ ನೌಕರರಿಗೆ 2007ರಲ್ಲಿ ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳ ಕೋ-ಪೇಯನ್ನು ತೆಗೆದುಹಾಕಿದಾಗಲೂ ಬಳಕೆಯಲ್ಲಿ ಏರಿಕೆ ಕಂಡಿತು, ಆದರೆ ಅದೂ ಶೇಕಡ 3ರೊಳಗೇ ಇತ್ತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ತೀರ್ಮಾನ ಹೀಗಿದೆ. ಕೋ-ಪೇ ಮನ್ನಾದಿಂದ ಉದ್ಯೋಗಿಗೆ ಆಗುವ ಉಳಿತಾಯ ಖಚಿತ, ಅದಕ್ಕೆ ಸಂಶೋಧನೆಯೇ ಬೇಕಿಲ್ಲ. ಉದ್ಯೋಗದಾತರಿಗೆ ಆಶ್‌ವಿಲ್‌ನಷ್ಟೇ ದೊಡ್ಡ ಉಳಿತಾಯವಾಗುತ್ತದೆ ಎಂದು ಮಾತು ಕೊಡಲಾಗದು. ಆದರೆ ಸರಿಯಾದ ಔಷಧಗಳನ್ನು ಆರಿಸಿ ಮಾಡಿದ ಮನ್ನಾದಿಂದ ಖಜಾನೆ ಬರಿದಾಗುತ್ತದೆ ಎಂಬ ಭಯಕ್ಕೆ ಆಧಾರ ಕಾಣುವುದಿಲ್ಲ, ಮತ್ತು ಹಣದ ಜೊತೆಗೆ ಒಬ್ಬ ತಜ್ಞರ ಒಡನಾಟವೂ ಇದ್ದಲ್ಲಿ ಫಲ ಹೆಚ್ಚು ಎಂದು ನಂಬಲು ಕಾರಣಗಳಿವೆ.

ಇಂದು ಇದನ್ನು ಮಾಡಹೊರಟರೆ

ಆಶ್‌ವಿಲ್ ಈ ಕೆಲಸ ಶುರುಮಾಡಿದಾಗ ಇಲ್ಲದಿದ್ದ ಒಂದು ದೊಡ್ಡ ಅಡ್ಡಿ ನಂತರ ಬಂದಿದೆ. ಹೆಚ್ಚಿನ ಡಿಡಕ್ಟಿಬಲ್ ಇರುವ ವಿಮಾ ಯೋಜನೆಗಳಲ್ಲಿ, ನಿಗದಿತ ಮೊತ್ತ ತಲುಪುವವರೆಗೆ ಉದ್ಯೋಗಿಯೇ ಪೂರ್ತಿ ಬೆಲೆ ಕೊಡಬೇಕು. ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಇನ್ಸುಲಿನ್ ಕೊಳ್ಳುವವರ ಮೇಲೆ ಹೊರೆ ಒಮ್ಮೆಲೇ ಬೀಳುತ್ತದೆ. ಈ ಯೋಜನೆಗಳ ಜೊತೆಗಿರುವ ಆರೋಗ್ಯ ಉಳಿತಾಯ ಖಾತೆಯ (ಚಿಕಿತ್ಸೆಗೆಂದು ತೆರಿಗೆ ವಿನಾಯಿತಿಯೊಂದಿಗೆ ಹಣ ಕೂಡಿಡುವ ಖಾತೆ) ತೆರಿಗೆ ನಿಯಮದಿಂದಾಗಿ ಡಿಡಕ್ಟಿಬಲ್ ಮುಗಿಯುವ ಮೊದಲೇ ಇಂಥ ಔಷಧಕ್ಕೆ ನೆರವು ನೀಡಲು ಉದ್ಯೋಗದಾತರಿಗೆ ಬಹುಕಾಲ ಅವಕಾಶವಿರಲಿಲ್ಲ. 2019ರ ಜುಲೈನಲ್ಲಿ ಅಮೆರಿಕದ ತೆರಿಗೆ ಇಲಾಖೆ ಆ ಗಂಟನ್ನು ಸಡಿಲಿಸಿ, ಮಧುಮೇಹಕ್ಕೆ ಇನ್ಸುಲಿನ್ ಮತ್ತು ಗ್ಲೂಕೋಮೀಟರ್, ಅಸ್ತಮಾಕ್ಕೆ ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್, ಹೃದ್ರೋಗಕ್ಕೆ ಸ್ಟ್ಯಾಟಿನ್ ಇತ್ಯಾದಿಗಳನ್ನು ಮೊದಲ ದಿನದಿಂದಲೇ ಭರಿಸಬಹುದೆಂದು ತಿಳಿಸಿತು. ಅನುಮತಿ ಇದೆ, ಕಡ್ಡಾಯವಲ್ಲ. ಹಾಗಾಗಿ ಉದ್ಯೋಗದಾತರು ಮುಂದಾಗಿ ತಮ್ಮ ಯೋಜನೆಯಲ್ಲಿ ಇದನ್ನು ಸೇರಿಸಬೇಕು.

ಇನ್ನೊಂದು ಸಂಗತಿ ಉದ್ಯೋಗಿಯ ಪಾಲನ್ನು ಲೆಕ್ಕ ಹಾಕುವ ವಿಧಾನದ್ದು. ಔಷಧ ತಯಾರಕರು ಮಧ್ಯವರ್ತಿ ಕಂಪನಿಗಳಿಗೆ ಮಾರಾಟದ ನಂತರ ರಿಯಾಯಿತಿ ಹಣ ಹಿಂತಿರುಗಿಸುತ್ತಾರೆ. ಉದ್ಯೋಗಿಯ ಪಾಲು ಶೇಕಡಾವಾರು ಇದ್ದರೆ ಅದನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಆ ರಿಯಾಯಿತಿಗೆ ಮುಂಚಿನ ಬೆಲೆಯ ಮೇಲೆ. ರಿಯಾಯಿತಿ ಹುಟ್ಟುವುದೇ ಔಷಧ ಸೇವಿಸುವ ರೋಗಿಗಳಿಂದ. ಆ ಹಣ ಎಲ್ಲರ ವಿಮಾ ಕಂತನ್ನು ಇಳಿಸಲು ಹೋಗಿ, ರೋಗಿ ಮಾತ್ರ ಹಳೆಯ ಬೆಲೆಯ ಮೇಲೆ ಪಾಲು ಕಟ್ಟುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ರಿಯಾಯಿತಿಯನ್ನು ಕೌಂಟರಿನಲ್ಲೇ ಉದ್ಯೋಗಿಗೆ ದಾಟಿಸುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಲು ಉದ್ಯೋಗದಾತರಿಗೆ ಸಾಧ್ಯವಿದೆ. ಜೆನೆರಿಕ್ ಔಷಧಗಳ ವಿಷಯದಲ್ಲಿ ಕೆಲವೊಮ್ಮೆ ವಿಮೆ ಬಳಸದೆ ನಗದು ಕೊಟ್ಟರೇ ಕಡಿಮೆ ಬೀಳುತ್ತದೆ. ಹಿಂದೆ ಇದನ್ನು ಗಿರಾಕಿಗೆ ಹೇಳದಂತೆ ಫಾರ್ಮಸಿಸ್ಟ್‌ಗಳ ಬಾಯಿ ಕಟ್ಟುವ ಷರತ್ತುಗಳು ಒಪ್ಪಂದಗಳಲ್ಲಿ ಇರುತ್ತಿದ್ದವು. 2018ರ ಒಕ್ಕೂಟ ಕಾನೂನು ಅವನ್ನು ನಿಷೇಧಿಸಿದೆ. ಈ ಮಾಹಿತಿಯನ್ನು ಉದ್ಯೋಗಿಗೆ ಮುಟ್ಟಿಸಲು ಆಶ್‌ವಿಲ್ ಮಾದರಿಯ ಭೇಟಿಗಿಂತ ಉತ್ತಮ ಸಂದರ್ಭ ಸಿಗಲಾರದು.

ಭೇಟಿ ತಪ್ಪಿಸಿದರೆ ಮನ್ನಾ ನಿಲ್ಲುತ್ತದೆ ಎಂಬ ಷರತ್ತಿನ ಬಗ್ಗೆ ನನಗೆ ಒಂದು ಆತಂಕವಿದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ತಿಂಗಳಿಗೊಮ್ಮೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವುದು ಸುಲಭ. ಪಾಳಿಯಲ್ಲಿ ದುಡಿಯುವವರಿಗೆ, ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಅದೇ ಅರ್ಧ ಗಂಟೆ ಕೂಲಿ ನಷ್ಟ. ಷರತ್ತು ಇರಬೇಕೆಂದಾದರೆ ಭೇಟಿಯ ಸಮಯಕ್ಕೆ ಸಂಬಳ ಕಡಿತವಾಗಬಾರದು, ಅಥವಾ ಫಾರ್ಮಸಿಸ್ಟ್‌ರೇ ಪಾಳಿ ಬದಲಾಗುವ ಹೊತ್ತಿಗೆ ಕೆಲಸದ ಸ್ಥಳಕ್ಕೆ ಬರುವಂತಿರಬೇಕು. ಇಲ್ಲವಾದರೆ ಮನ್ನಾ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿಯುತ್ತಾರೆ.

ಗೋಪ್ಯತೆಯನ್ನೂ ಇಷ್ಟೇ ಗಂಭೀರವಾಗಿ ನೋಡಬೇಕು. ತನಗೆ ಮಧುಮೇಹವಿದೆಯೆಂದು ಮೇಲಧಿಕಾರಿಗೆ ತಿಳಿದರೆ ಬಡ್ತಿ ತಪ್ಪೀತೆಂದು ಹೆದರುವ ನೌಕರರು ಕೋ-ಪೇ ಎಷ್ಟೇ ಉಳಿದರೂ ಹೆಸರು ಕೊಡುವುದಿಲ್ಲ. ಹೆಸರು ನೋಂದಣಿ, ಭೇಟಿಯ ದಾಖಲೆ, ಪರೀಕ್ಷೆಯ ಫಲಿತಾಂಶ ಇವೆಲ್ಲ ಕ್ಲೇಮ್ ನಿರ್ವಹಿಸುವ ಹೊರಗಿನ ಸಂಸ್ಥೆಯಲ್ಲೇ ಉಳಿದು, ಉದ್ಯೋಗದಾತರ ಕೈಗೆ ಹೆಸರಿಲ್ಲದ ಒಟ್ಟು ಅಂಕಿಗಳು ಮಾತ್ರ ಬರಬೇಕು. ಮತ್ತು ಈ ಏರ್ಪಾಟನ್ನು ನೌಕರರಿಗೆ ಆಹ್ವಾನ ಪತ್ರದ ಮೊದಲ ಸಾಲುಗಳಲ್ಲೇ ತಿಳಿಸಬೇಕು.

ಆರಂಭಿಸುವ ಮೊದಲು ಉದ್ಯೋಗದಾತರು ತಮ್ಮ ಕ್ಲೇಮ್ ನಿರ್ವಾಹಕರಿಂದ ಕೇಳಿ ಪಡೆಯಬೇಕಾದದ್ದು ಒಂದು ವರದಿ: ದೀರ್ಘಕಾಲದ ಕಾಯಿಲೆಗೆ ಔಷಧ ಬರೆಸಿಕೊಂಡು ನಡುವೆ ಕೊಳ್ಳುವುದನ್ನು ನಿಲ್ಲಿಸಿದವರು ಎಷ್ಟು ಮಂದಿ, ಅದೇ ಗುಂಪಿನ ಆಸ್ಪತ್ರೆ ಖರ್ಚು ಎಷ್ಟು ಎಂಬುದನ್ನು ಔಷಧ ಮತ್ತು ವೈದ್ಯಕೀಯ ಲೆಕ್ಕಗಳನ್ನು ಜೋಡಿಸಿ, ಹೆಸರುಗಳಿಲ್ಲದೆ ತೋರಿಸುವ ವರದಿ. ಮನ್ನಾ ಮಾಡಬೇಕಾದ ಔಷಧಗಳ ಪಟ್ಟಿ ಹುಟ್ಟಬೇಕಾದದ್ದು ಅದರಿಂದ. ಮೊದಲ ವರ್ಷದ ಬಜೆಟ್ಟಿನಲ್ಲಿ ಔಷಧದ ಸಾಲು ಏರುತ್ತದೆ ಎಂದು ಮುಂಚೆಯೇ ಬರೆದು ಹಣಕಾಸು ವಿಭಾಗದ ಒಪ್ಪಿಗೆ ಪಡೆದಿರಬೇಕು, ಮತ್ತು ಎರಡೂ ಲೆಕ್ಕಗಳನ್ನು ಕೂಡಿಸಿ ಕನಿಷ್ಠ ಮೂರು ವರ್ಷ ನೋಡುವವರೆಗೆ ಕಾರ್ಯಕ್ರಮವನ್ನು ನಿಲ್ಲಿಸುವುದಿಲ್ಲ ಎಂಬ ನಿರ್ಧಾರವೂ ಆ ಒಪ್ಪಿಗೆಯಲ್ಲಿ ಸೇರಿರಬೇಕು.